ಬೋರಿನ ಗಡಸು ನೀರು: ಅಳೆಯುವುದರಿಂದ ಮೆದು ಮಾಡುವವರೆಗೆ, ಹುಬ್ಬಳ್ಳಿ-ಗದಗ-ಹಾವೇರಿ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಮುಖ್ಯವಾಗಿ ಬರುವುದು ಮಲಪ್ರಭೆಯ ನೀರು, ಗದಗ-ಬೆಟಗೇರಿಗೆ ತುಂಗಭದ್ರೆಯದು. ಹೊಳೆಯ ನೀರು ಬಂದ ದಿನ ಸಾಬೂನು ನೊರೆ ಕೊಡುತ್ತದೆ, ಬೇಳೆ ಹೊತ್ತಿಗೆ ಸರಿಯಾಗಿ ಬೇಯುತ್ತದೆ. ಪಾಳಿ ತಪ್ಪಿ ನಾಲ್ಕು ದಿನ ನೀರು ಬರದೆ ಸಂಪಿಗೆ ಬೋರಿನ ನೀರು ಬಿಟ್ಟರೆ ಅಲ್ಲಿಂದ ತಕರಾರು ಶುರು. ನಳದ ಬಾಯಿಗೆ ಬಿಳಿ ಹಕ್ಕಳೆ, ಬಚ್ಚಲಿನ ಗೋಡೆಗೆ ಜಿಡ್ಡು, ಚಹಾದ ಮೇಲೆ ತೆಳ್ಳನೆಯ ಪದರ, ಎರಡೇ ವರ್ಷಕ್ಕೆ ಸುಟ್ಟ ಗೀಜರ್ ಕಾಯಿಲ್. ಬೋರನ್ನೇ ನಂಬಿದ ಹಳ್ಳಿಗಳಲ್ಲಿ ಇದು ವರ್ಷವಿಡೀ ಇದ್ದದ್ದೇ.

ಕಾರಣ ನೆಲದಲ್ಲಿದೆ. ಎರೆ ಹೊಲ ಅಗೆದರೆ ಸಿಗುವ ಬಿಳಿ ಸುಣ್ಣದ ಹರಳು ಎಲ್ಲರೂ ಕಂಡದ್ದೇ. ಮಳೆನೀರು ಮಣ್ಣಿನೊಳಗೆ ಇಳಿಯುತ್ತ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿಗೆ ಸುಣ್ಣದ ಅಂಶ ಕರಗುತ್ತದೆ. ಹೀಗೆ ಕರಗಿ ಬಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೇರಿಯೇ ಗಡಸುತನ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬರುವ ನೀರನ್ನೆಲ್ಲ ಮೆದು ಮಾಡಲು ಹೊರಡುವುದು ದುಂದು. ಕುಡಿಯಲು, ಅಡುಗೆಗೆ, ಬಿಸಿನೀರಿಗೆ, ಅರಿವೆ ಒಗೆಯಲು, ಸಂಡಾಸಿಗೆ ಬೇಕಾದ ನೀರು ಬೇರೆ ಬೇರೆ. ಅಳೆಯಿರಿ, ಬೇರ್ಪಡಿಸಿ, ಆಮೇಲೆ ಯಂತ್ರದ ಮಾತು.

ಮೊದಲು ಅಳತೆ

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸೈ. ಈ ಲೆಕ್ಕ ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ, ಮುಂದೆ ಗಡಸುತನಕ್ಕೆ ಬರೀ ಅಂಕಿ ಕೊಟ್ಟಲ್ಲೂ ಇದೇ ಅಳತೆ.

ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಅಷ್ಟೆ. ಬರೀ ಅಡುಗೆ ಉಪ್ಪು ಕರಗಿಸಿದ ನೀರಿನಲ್ಲೂ ಅದು 1000 ತೋರಿಸೀತು, ಅಲ್ಲಿ ಗಡಸುತನ ಸೊನ್ನೆ. ಬೇಕಾದದ್ದು ಹನಿ ಎಣಿಸುವ ಗಡಸುತನದ ಕಿಟ್. ಕಿಟ್‌ನ ಚೀಟಿ ಹೇಳಿದಷ್ಟು ಮಿ.ಲೀ. ನೀರಿಗೆ ಬಫರ್ ಎಂಬ ಕ್ಷಾರ ದ್ರಾವಣ, ಬಣ್ಣದ ಪುಡಿ ಹಾಕಿದಾಗ ದ್ರಾಕ್ಷಿ ಕೆಂಪು ಬಣ್ಣ ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಕೆಂಪು ನೇರಳೆಯಾಗಿ, ಕೊನೆಗೆ ಅಚ್ಚ ನೀಲಿಗೆ ತಿರುಗುತ್ತದೆ. ನೇರಳೆಗೇ ನಿಲ್ಲಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಒಂದು ಹನಿಗೆ ಎಷ್ಟು ಮಿ.ಗ್ರಾಂ ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ, ಚೀಟಿ ಓದಿ. ಹನಿ ಹಾಕಿ ಹಾಕಿ ಸಾಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ.

ಕನಿಷ್ಠ ಎರಡು ಅಳತೆ ಬೇಕು: ಹೊಳೆ ನೀರಿನದು ಒಂದು, ಬೋರಿನದು ಒಂದು. ಸಂಪಿನಲ್ಲಿ ಎರಡೂ ಬೆರೆತಿದ್ದರೆ ಇಂದಿನ ಅಂಕಿ ನಾಳೆಗಿಲ್ಲ. ಬೇಸಿಗೆಯಲ್ಲಿ ಬೋರಿನದನ್ನು ಇನ್ನೊಮ್ಮೆ ನೋಡಿ.

ಮೂರನೆಯದು ಕಾಸಿದ ನೀರಿನ ಅಳತೆ. ಇದನ್ನು ಮಾಡುವವರು ಕಡಿಮೆ, ಆದರೆ ಗೀಜರಿನ ಹಣೆಬರಹ ಇದರಲ್ಲೇ ಇದೆ. ಒಂದು ಲೀಟರ್ ಬೋರಿನ ನೀರನ್ನು 15 ನಿಮಿಷ ಕುದಿಸಿ, ಆರಿಸಿ, ಆವಿಯಾದಷ್ಟು ಡಿಸ್ಟಿಲ್ಡ್ ವಾಟರ್ ತುಂಬಿ ಮತ್ತೆ ಒಂದು ಲೀಟರ್ ಮಾಡಿ. ದಪ್ಪ ಅರಿವೆಯಲ್ಲಿ ಸೋಸಿ ಅಳೆಯಿರಿ. ಮೊದಲು 550 ಇದ್ದದ್ದು 250ಕ್ಕೆ ಇಳಿದರೆ ಆ 300 ತಾತ್ಕಾಲಿಕ ಗಡಸುತನ. ಬೈಕಾರ್ಬೊನೇಟ್ ರೂಪದಲ್ಲಿರುವ ಅದು ಬಿಸಿಯಾದಾಗ ಸುಣ್ಣದ ಕಲ್ಲಾಗಿ ಕೂರುತ್ತದೆ. ಉಳಿದ 250 ಸಲ್ಫೇಟ್, ಕ್ಲೋರೈಡ್ ಇತ್ಯಾದಿ ರೂಪದ್ದು, ಎಷ್ಟು ಕುದಿಸಿದರೂ ಹೋಗದು.

ಕಿಟ್ ಇಲ್ಲದಿದ್ದರೆ ಸಾಬೂನಿನಿಂದ ಹೋಲಿಸಿ ನೋಡಬಹುದು. ಎರಡು ಗ್ರಾಂ ಸಾಬೂನಿನ ತುರಿಯನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಒಂದೇ ಅಳತೆಯ ಎರಡು ಬಾಟಲಿಗೆ ಹೊಳೆ ನೀರು, ಬೋರಿನ ನೀರು ತಲಾ 100 ಮಿ.ಲೀ. ಹಾಕಿ, ಸಿರಿಂಜಿನಿಂದ ಒಂದೊಂದು ಮಿ.ಲೀ. ದ್ರಾವಣ ಬಿಟ್ಟು ಕುಲುಕಿ. ನೊರೆ ಎರಡು ನಿಮಿಷ ನಿಲ್ಲುವವರೆಗೆ ಎಷ್ಟು ಹಿಡಿಯಿತೆಂದು ಬರೆದುಕೊಳ್ಳಿ. ಅರಿವೆ ಒಗೆಯುವ ಬಾರ್ ಬೇಡ, ಹಲವು ಬಾರ್‌ಗಳು ಡಿಟರ್ಜೆಂಟ್. ಅವು ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತವೆ.

ಫ್ಲೋರೈಡ್ ಬೇರೆ, ಗಡಸುತನ ಬೇರೆ

ಗದಗ ಜಿಲ್ಲೆಯಲ್ಲಂತೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮುಂಡರಗಿ, ರೋಣದ ಕಡೆಯ ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ. ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ದಾಟಿದರೆ ಮೊದಲು ಮಕ್ಕಳ ಹಲ್ಲಿಗೆ ಸುಣ್ಣಬಿಳಿ, ಕಂದು ಪಟ್ಟೆ, ವರ್ಷಗಟ್ಟಲೆ ಕುಡಿದರೆ ಎಲುಬು-ಕೀಲುಗಳಿಗೆ ಪೆಟ್ಟು. ಗಡಸುತನದ ಮಟ್ಟಿಗೆ ಹೇಳುವುದಾದರೆ, ಅದರಿಂದಲೇ ಆರೋಗ್ಯ ಕೆಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕಿಡ್ನಿ ಕಲ್ಲಿಗೂ ಬೋರಿನ ನೀರೇ ಕಾರಣ ಎಂಬ ಓಣಿಯ ತೀರ್ಪು ಸಾಬೀತಾಗಿಲ್ಲ. ನೀರು ಕಡಿಮೆ ಕುಡಿಯುವುದೇ ಅದಕ್ಕೆ ದೊಡ್ಡ ಕಾರಣ.

ಇನ್ನೊಂದು ಎಚ್ಚರಿಕೆ: ಫ್ಲೋರೈಡ್ ಹೆಚ್ಚಾಗಿ ಕಾಣುವುದು ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲಿ. ಕ್ಯಾಲ್ಸಿಯಂ ಹೇರಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಹೀಗಾಗಿ ಬಾಯಿಗೆ ಸಿಹಿಯಾದ, ನೊರೆ ಚೆನ್ನಾಗಿ ಕೊಡುವ ಬೋರೇ ಮೋಸ ಮಾಡೀತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. ಸಾಫ್ಟನರ್ (ನೀರು ಮೆದು ಮಾಡುವ ಯಂತ್ರ), ಕ್ಯಾಂಡಲ್ ಫಿಲ್ಟರ್, ಯುವಿ ಯಾವುದೂ ಇದಕ್ಕೆ ಉಪಯೋಗವಿಲ್ಲ. ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ಆರ್‌ಒ ಯಂತ್ರ ತೆಗೆಯುತ್ತದೆ.

ಪರೀಕ್ಷೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಬಹುದು. ಬೋರನ್ನು ಹತ್ತು ನಿಮಿಷ ಓಡಿಸಿ, ಎರಡು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಕಂಠಮಟ ತುಂಬಿ, ಅದೇ ದಿನ ತಲುಪಿಸಿ. ಒಟ್ಟು ಗಡಸುತನ, ಕ್ಯಾಲ್ಸಿಯಂ, ಕ್ಷಾರತೆ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಇಷ್ಟನ್ನೂ ಕೇಳಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಬೇರೆ ಬಾಟಲಿ ಬೇಕು.

ಎರಡು ಟ್ಯಾಂಕು, ಎರಡು ಪೈಪು

ಎಲ್ಲಕ್ಕಿಂತ ಅಗ್ಗದ ಪರಿಹಾರ ಪ್ಲಂಬರ್ ಕೈಯಲ್ಲಿದೆ. ಮಾಳಿಗೆಯ ಮೇಲೆ ಎರಡು ಟ್ಯಾಂಕು ಇಡಿಸಿ. ಒಂದಕ್ಕೆ ಹೊಳೆ ನೀರು, ಅದರ ಪೈಪು ಅಡುಗೆಮನೆ, ಗೀಜರ್, ವಾಷಿಂಗ್ ಮಷಿನ್‌ಗೆ. ಇನ್ನೊಂದಕ್ಕೆ ಬೋರು, ಅದು ಸಂಡಾಸು, ಅಂಗಳ, ಗಿಡಕ್ಕೆ. ಎರಡನ್ನೂ ಜೋಡಿಸುವ ಒಂದು ವಾಲ್ವ್ ಇರಲಿ, ಆದರೆ ಸದಾ ಮುಚ್ಚಿರಲಿ. ಬೋರಿನ ಪೈಪನ್ನು ನೇರವಾಗಿ ಪಾಲಿಕೆಯ ಪೈಪಿಗೆ ಕೂಡಿಸಲೇಬೇಡಿ. ಪಾಲಿಕೆಯ ನೀರು ನಿಂತಾಗ ನಿಮ್ಮ ಬೋರಿನ ನೀರು ಹಿಂದಕ್ಕೆ ಹರಿದು ಇಡೀ ಓಣಿಯ ನಳಕ್ಕೆ ಸೇರುತ್ತದೆ.

ಹೊಳೆ ನೀರು ಸಾಲದಿದ್ದರೆ ಲೆಕ್ಕ ಹಾಕಿ ಬೆರೆಸಿ. ಬೋರು 600, ಹೊಳೆ ನೀರು 100 ಇದ್ದರೆ ಸಮಪಾಲಿನಲ್ಲಿ 350, ಮೂರು ಪಾಲು ಹೊಳೆಗೆ ಒಂದು ಪಾಲು ಬೋರಾದರೆ 225.

ಮಳೆನೀರಿಗೆ ಗಡಸುತನವೇ ಇಲ್ಲ. ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಕಡೆ 100 ಚದರ ಮೀಟರ್ ಆರ್‌ಸಿಸಿ ಮಾಳಿಗೆಯಿಂದ, ನೂರಕ್ಕೆ 80 ಪಾಲು ಸಿಕ್ಕರೂ, 48,000 ಲೀಟರ್. ಪ್ರತಿ ಮಳೆಯ ಮೊದಲ 150-200 ಲೀಟರ್ ಹೊರಗೆ ಹೋಗಬೇಕು: ಧೂಳು, ಪಾರಿವಾಳದ ಹಿಕ್ಕೆ ಅದರಲ್ಲೇ ಇರುತ್ತದೆ. ನಾಲ್ಕಿಂಚು ಪೈಪು ಮೀಟರಿಗೆ ಹಿಡಿಯುವುದು ಸುಮಾರು ಎಂಟು ಲೀಟರ್ ಅಷ್ಟೆ, ಆದ್ದರಿಂದ ಪೈಪಿನ ತುಂಡಿನಲ್ಲಿ ಮೊದಲ ಮಳೆ ತಡೆಯುತ್ತೇವೆ ಎನ್ನುವವರನ್ನು ನಂಬದೆ 200 ಲೀಟರ್ ಡ್ರಮ್ ಇಡಿಸಿ. ಮಣ್ಣಿನ ಮೇಲ್ಮುದ್ದೆಯ ಮನೆಗಳಿಗೆ ಇದು ಹೊಂದುವುದಿಲ್ಲ.

ಗೀಜರ್

ನಿತ್ಯ 100 ಲೀಟರ್ ಬಿಸಿನೀರು ಬಳಸುವ ಮನೆ, ತಾತ್ಕಾಲಿಕ ಗಡಸುತನ 300 ಎಂದುಕೊಳ್ಳಿ. ವರ್ಷಕ್ಕೆ ಗೀಜರಿನೊಳಗೆ ಹಾದು ಹೋಗುವ ಸುಣ್ಣ ಸುಮಾರು 11 ಕಿಲೋ. ಹತ್ತರಲ್ಲೊಂದು ಪಾಲು ಅಂಟಿದರೂ ಒಂದು ಕಿಲೋ ಕಲ್ಲು. ಕಾಯಿಲಿನ ಶಾಖ ನೀರಿಗೆ ದಾಟದೆ ಒಳಗೇ ಉಳಿದು ಕಾಯಿಲ್ ಸುಡುತ್ತದೆ, ಅದಕ್ಕೂ ಮೊದಲು ಕರೆಂಟ್ ಬಿಲ್ ಏರಿರುತ್ತದೆ. ಥರ್ಮೋಸ್ಟಾಟ್ 55 ಡಿಗ್ರಿಯ ಸುತ್ತ ಇರಲಿ. 70 ದಾಟಿದರೆ ಸುಣ್ಣ ಕೂರುವ ವೇಗ ಬಹಳ ಹೆಚ್ಚುತ್ತದೆ.

ವರ್ಷಕ್ಕೊಮ್ಮೆ, 500 ದಾಟಿದ ಬೋರಾದರೆ ಆರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. ವಾರಂಟಿ ಇದ್ದರೆ ಕಂಪನಿಯವರೇ ಮಾಡಲಿ, ವೈರಿಂಗ್ ಕೆಲಸ ರೂಢಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

1. ಸ್ವಿಚ್ ಸಾಲದು, ಎಂಸಿಬಿಯನ್ನೇ ಇಳಿಸಿ. ನೀರು ತಣ್ಣಗಾಗಲಿ.
2. ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಳ ತೆರೆದು, ಕೆಳಗಿನ ಪೈಪು ಕಳಚಿ ನೀರು ಖಾಲಿ ಮಾಡಿ.
3. ವೈರುಗಳ ಫೋಟೊ ತೆಗೆದುಕೊಂಡು ಬಿಚ್ಚಿ. ಫ್ಲ್ಯಾಂಜ್ (ಕಾಯಿಲ್ ಕೂಡಿಸಿದ ಬಿಲ್ಲೆ) ಸಮೇತ ಕಾಯಿಲ್ ಇಳಿಸಿ.
4. ದಪ್ಪ ಹಕ್ಕಳೆಯನ್ನು ಕಟ್ಟಿಗೆಯಿಂದ ತಟ್ಟಿ ಉದುರಿಸಿ. ಚಾಕು, ಉಳಿ ಬೇಡ. ಗೆರೆ ಬಿದ್ದಲ್ಲೇ ಮುಂದೆ ತೂತಾಗುತ್ತದೆ.
5. ಐದು ಲೀಟರ್ ಉಗುರುಬೆಚ್ಚನೆಯ ನೀರಿಗೆ 250 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ. ಟರ್ಮಿನಲ್ ನೀರಿಗೆ ತಾಗದಂತೆ ಕಾಯಿಲನ್ನು ಒಂದೆರಡು ತಾಸು ನೆನೆಹಾಕಿ.
6. ತೊಟ್ಟಿಯೊಳಗಿನ ಚೂರುಗಳನ್ನು ಕೈಹಾಕಿ ತೆಗೆಯಿರಿ. ತೊಟ್ಟಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಸರಳು ಸವೆದು ತಂತಿಯಷ್ಟಾಗಿದ್ದರೆ ಬದಲಿಸಿ.
7. ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿ. ಬಿಸಿನೀರಿನ ನಳದಲ್ಲಿ ಗಾಳಿ ಉಗುಳದೆ ಒಂದೇ ಸಮನೆ ನೀರು ಬಂದ ಮೇಲೆಯೇ ಎಂಸಿಬಿ ಏರಿಸಿ. ಒಣ ತೊಟ್ಟಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಹೋಯಿತೆಂದೇ ತಿಳಿಯಿರಿ.

ಒಂದು ಗ್ರಾಂ ಸುಣ್ಣ ಕರಗಲು ಸುಮಾರು 1.3 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ಹಕ್ಕಳೆ ಉಳಿದಿದ್ದೂ ಗುಳ್ಳೆ ನಿಂತರೆ ಆಸಿಡ್ ಮುಗಿದಿದೆ, ಹೊಸದಾಗಿ ಕಲಸಿ. ಬೇಗ ಆಗಲೆಂದು ಕುದಿಯುವ ನೀರು ಬಳಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬೇರೊಂದು ಬಿಳಿ ಪದರವೇ ಕೂರುತ್ತದೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ಸಂಡಾಸು ತೊಳೆಯುವ ಆಸಿಡ್ ಇಲ್ಲಿಗೆ ಬೇಡ: ತಾಮ್ರ, ಹಿತ್ತಾಳೆ, ಉಕ್ಕನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಗೆ ತಾಗಿದರೆ ವಿಷಾನಿಲ ಬರುತ್ತದೆ.

ಸುರಕ್ಷತಾ ವಾಲ್ವ್‌ನ ಸನ್ನೆಯನ್ನು ಎರಡು-ಮೂರು ತಿಂಗಳಿಗೊಮ್ಮೆ ಎತ್ತಿ ನೀರು ಚಿಮ್ಮುವುದನ್ನು ನೋಡಿ. ಅದು ಸುಣ್ಣ ಕಟ್ಟಿ ಬಿಗಿದುಕೊಂಡರೆ ಒತ್ತಡ ಹೊರಹೋಗಲು ದಾರಿ ಇರುವುದಿಲ್ಲ. ಸೋಲಾರ್ ಹಾಕಿಸುವವರು ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತವೆ ಎಂಬುದನ್ನು ನೆನಪಿಡಿ. ಗಾಜಿನ ಕೊಳವೆಯದು ತಡೆದೀತು, ಅದಕ್ಕೂ ವರ್ಷಕ್ಕೊಂದು ತೊಳೆತ ಬೇಕು. ಬಂಬಿಗೆ ಇಷ್ಟೆಲ್ಲ ರಗಳೆ ಇಲ್ಲ, ಕೊಳವೆಗೆ ಕಟ್ಟಿದ್ದನ್ನು ತಟ್ಟಿ ತೆಗೆದರಾಯಿತು.

ಅಡುಗೆಮನೆ, ಬಚ್ಚಲು

ತೊಗರಿ ಬೇಳೆ ಬೇಯದಿರುವುದಕ್ಕೆ ಕಾರಣ, ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಗಂಟು ಹಾಕಿ ಅದನ್ನು ಬಿಗಿ ಮಾಡುವುದು. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ನೆನೆಹಾಕಲೂ ಬೇಯಿಸಲೂ ಹೊಳೆ ನೀರು ಅಥವಾ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಬಳಸಿ. ಬೇಳೆಗೆ ಬೇಕಾಗುವುದು ದಿನಕ್ಕೆ ಎರಡು ತಂಬಿಗೆ, ಅಷ್ಟೆ. ಕುಕ್ಕರಿನ ತಳದ ನೀರಿಗೆ ಹಿಂಡಿದ ನಿಂಬೆ ಹೋಳು ಹಾಕಿದರೆ ಒಳಗೆ ಬಿಳಿ ಕಟ್ಟುವುದಿಲ್ಲ.

ಅದೇ ನಿಂಬೆರಸ, ವಿನೆಗರ್, ಆಸಿಡ್ ಯಾವುದನ್ನೂ ಕಡಪ ಕಲ್ಲಿನ ಕಟ್ಟೆ, ಶಹಾಬಾದ್ ಕಲ್ಲಿನ ನೆಲಕ್ಕೆ ತಾಗಿಸಬೇಡಿ. ಅವೂ ಸುಣ್ಣಕಲ್ಲೇ. ಕಲೆಯ ಜೊತೆ ಕಲ್ಲಿನ ಹೊಳಪೂ ಕರಗಿ ಮಾಸಲು ಬಿಳುಪು ಉಳಿಯುತ್ತದೆ. ಗ್ರಾನೈಟ್‌ಗೆ ಆ ಭಯ ಕಡಿಮೆ. ನಳದ ಜಾಳಿಗೆ, ಶವರ್ ತಲೆಯನ್ನು ಬಿಚ್ಚಿ ವಿನೆಗರ್‌ನಲ್ಲಿ ರಾತ್ರಿ ನೆನೆಹಾಕಿದರೆ ಸಾಕು. ಕೂಲರ್ ಬಳಸುವವರು ಮೂರು ದಿನಕ್ಕೊಮ್ಮೆ ತಳದ ನೀರು ಪೂರ್ತಿ ಚೆಲ್ಲಿ. ನೀರು ಆವಿಯಾಗಿ ಉಪ್ಪು ಉಳಿಯುತ್ತ ಹೋಗಿ ಪ್ಯಾಡ್ ಕಲ್ಲಾಗುತ್ತದೆ.

ಅರಿವೆಗೆ ವಾಷಿಂಗ್ ಸೋಡಾ. ಗಡಸುತನ 500 ಇರುವ 15 ಲೀಟರ್ ಬಕೀಟಿಗೆ ಒಣ ಪುಡಿ ಸುಮಾರು 8 ಗ್ರಾಂ, ಹರಳು ಸೋಡಾ ಆದರೆ 21 ಗ್ರಾಂ. ಹಾಕಿ ಕಲಕಿ ಅರ್ಧ ತಾಸು ಬಿಟ್ಟರೆ ಬಿಳಿ ಗಸಿ ಕೂರುತ್ತದೆ. ಮೇಲಿನ ತಿಳಿ ಬಸಿದುಕೊಂಡು ಆಮೇಲೆ ಸಾಬೂನಿನ ಪುಡಿ ಹಾಕಿ. ಇಳಕಲ್ಲ ಸೀರೆಯ ರೇಷ್ಮೆ ಸೆರಗು, ಉಣ್ಣೆ, ಅಲ್ಯೂಮಿನಿಯಂ ಪಾತ್ರೆಗೆ ಈ ನೀರು ಬೇಡ. ಸ್ನಾನಕ್ಕೂ ಬೇಡ. ಸ್ನಾನಕ್ಕೆ ಬೋರಿನ ನೀರೇ ಗತಿಯಾದರೆ ಕೊನೆಯ ಎರಡು ತಂಬಿಗೆ ಹೊಳೆ ನೀರೋ ಮಳೆ ನೀರೋ ತಲೆಗೆ ಹಾಕಿಕೊಂಡರೆ ಕೂದಲು ಅಂಟುವುದಿಲ್ಲ.

ಸಾಫ್ಟನರ್: ಲೆಕ್ಕ ಮತ್ತು ಉಪ್ಪು

ಒಳಗಿರುವ ರೆಸಿನ್ ಕಾಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಮತ್ತೆ ಸಜ್ಜಾಗುತ್ತವೆ. ಒಂದು ಲೀಟರ್ ರೆಸಿನ್ ಹಿಡಿಯುವುದು ಸುಮಾರು 50 ಗ್ರಾಂ ಗಡಸುತನ. ಸ್ನಾನ, ಒಗೆತಕ್ಕೆ ದಿನಕ್ಕೆ 300 ಲೀಟರ್, ಗಡಸುತನ 500 ಆದರೆ ದಿನಕ್ಕೆ 150 ಗ್ರಾಂ. 25 ಲೀಟರ್ ರೆಸಿನ್ 1,250 ಗ್ರಾಂ ಹಿಡಿಯುತ್ತದೆ, ಎಂಟು ದಿನ ಬಂತು. ಏಳನೆಯ ದಿನ ಉಪ್ಪು ಕೊಡಿ.

ಮೊದಲು ಹತ್ತು ನಿಮಿಷ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ, ರಾಡಿ ಹೋಗಿ ತಿಳಿಯಾಗುವವರೆಗೆ. ನಾಲ್ಕು ಕಿಲೋ ಹರಳುಪ್ಪನ್ನು 36 ಲೀಟರ್ ನೀರಿನಲ್ಲಿ ಕರಗಿಸಿ, ತಿಳಿಯಾಗಲು ಬಿಟ್ಟು, ಅರಿವೆಯಲ್ಲಿ ಸೋಸಿ, ಅರ್ಧ ತಾಸು ಹಿಡಿಯುವಂತೆ ನಿಧಾನ ಇಳಿಸಿ. ಇಲ್ಲಿ ಅವಸರಪಟ್ಟರೆ ಉಪ್ಪು ಹಾಗೇ ಹಾದು ಹೋಗಿ ರೆಸಿನ್ ಅರ್ಧ ಹಸಿದಿರುತ್ತದೆ. ಆಮೇಲೆ 50 ಲೀಟರ್ ನೀರು ಅಷ್ಟೇ ನಿಧಾನ, ಕೊನೆಗೆ 100 ಲೀಟರ್ ಜೋರಾಗಿ. ಕಿಟ್‌ನಲ್ಲಿ 25ರ ಒಳಗೆ ಬಂದರೆ ಟ್ಯಾಂಕಿಗೆ ತಿರುಗಿಸಿ. ಅಯೋಡಿನ್ ಬೆರೆಸಿದ ನುಣುಪು ಉಪ್ಪು ಬೇಡ, ಉದುರುದುರಾಗಿಸಲು ಹಾಕಿದ ಪುಡಿ ರೆಸಿನ್‌ನಲ್ಲಿ ಕೂರುತ್ತದೆ.

ಸಾಫ್ಟನರ್ ಹಾಕಿಸಿದರೂ ಟಿಡಿಎಸ್ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಇದು ಗೊತ್ತಿಲ್ಲದೆ ಮಾರಿದವರ ಜೊತೆ ಜಗಳವಾಡುವವರಿದ್ದಾರೆ. ಪ್ರತಿ 100 ಮಿ.ಗ್ರಾಂ ಗಡಸುತನ ಹೋದಲ್ಲಿ ಲೀಟರಿಗೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. 500ರ ಬೋರಾದರೆ 230. ಆದ್ದರಿಂದ ಇದನ್ನು ಕುಡಿಯಬೇಡಿ, ಬಿಪಿ ಇದ್ದವರಂತೂ ಬೇಡ. ಗಿಡಕ್ಕೂ ಹಾಕಬೇಡಿ. ಸೋಡಿಯಂ ಸೇರಿದ ಎರೆ ಮಣ್ಣು ಕಾಳುಕಾಳಾಗಿ ಉಳಿಯದೆ ಕೆಸರಾಗಿ, ಒಣಗಿದಾಗ ಬಿಗಿದು ನೀರು ಇಂಗಿಸುವುದಿಲ್ಲ. ಉಪ್ಪುನೀರು ಹಿತ್ತಲಿಗೆ ಹೋಗದೆ ಒಳಚರಂಡಿಗೇ ಹೋಗಲಿ.

ಬೋರಿನ ನೀರು ಬಕೀಟಿನಲ್ಲಿ ರಾತ್ರಿ ಕಳೆದರೆ ಕಂದಾಗುತ್ತದೆಯೇ? ಹಾಗಾದರೆ ಕಬ್ಬಿಣವಿದೆ. ಅದಕ್ಕೆ ಮೊದಲು ಬೇರೆ ಫಿಲ್ಟರ್ ಬೇಕು, ಇಲ್ಲದಿದ್ದರೆ ರೆಸಿನ್ ಬೇಗ ಕೆಡುತ್ತದೆ.

ಅಪಾರ್ಟ್‌ಮೆಂಟ್ ಲೆಕ್ಕವೂ ಇದೇ, ಸೊನ್ನೆ ಹೆಚ್ಚು. 20 ಮನೆಗೆ ದಿನಕ್ಕೆ 6,000 ಲೀಟರ್ ಎಂದರೆ 3 ಕಿಲೋ ಗಡಸುತನ. 200 ಲೀಟರ್ ರೆಸಿನ್‌ಗೆ ಮೂರು ದಿನಕ್ಕೊಮ್ಮೆ 32 ಕಿಲೋ ಉಪ್ಪು, ತಿಂಗಳಿಗೆ 320 ಕಿಲೋ. ಸಂಡಾಸಿನ ಪೈಪು ಬೇರೆ ಮಾಡದೆ ಅದಕ್ಕೂ ಮೆದು ನೀರು ಹರಿಸಿದರೆ ಈ ಖರ್ಚು ಇನ್ನಷ್ಟು ಏರುತ್ತದೆ. ಯಂತ್ರ ಕೆಡುವುದು ಕಡಿಮೆ. ಉಪ್ಪು ಹಾಕುವವರು ರಜೆ ಹೋಗುವುದೇ ಹೆಚ್ಚು. ಪಂಪಿನ ಕೋಣೆಯ ಗೋಡೆಗೆ ಒಂದು ಹಾಳೆ ಅಂಟಿಸಿ: ತಾರೀಖು, ಮೀಟರ್ ಅಂಕಿ, ಉಪ್ಪಿನ ತೂಕ, ಮೆದು ನೀರಿನ ಗಡಸುತನ, ಹಾಕಿದವರ ಸಹಿ.

ಆರ್‌ಒ, ಮತ್ತು ಮನೆಬಾಗಿಲಿಗೆ ಬರುವ ಮಾರಾಟಗಾರರು

ಆರ್‌ಒ ಕುಡಿಯುವ, ಅಡುಗೆಯ ನೀರಿಗಷ್ಟೇ. ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಚೆಲ್ಲುತ್ತದೆ. ಆ ನೀರು ಮೊದಲಿಗಿಂತ ಗಡಸು, ನೆಲ ಒರೆಸಲು, ಸಂಡಾಸಿಗೆ ಬಳಸಿ, ಗೀಜರಿಗಲ್ಲ. ಗಡಸು ಹೆಚ್ಚಿದ್ದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ನೀರು ಬರುವ ವೇಗ ಕುಸಿಯುವುದೇ ಮೊದಲ ಸೂಚನೆ. ಹೊಳೆ ನೀರು ಕುಡಿಯುವ ಮನೆಗೆ ಆರ್‌ಒ ಬೇಕೇ ಎಂಬುದನ್ನು ಪರೀಕ್ಷೆಯ ಚೀಟಿ ನೋಡಿಯೇ ತೀರ್ಮಾನಿಸಿ, ಅನೇಕ ಕಡೆ ಬೇಕಾಗುವುದಿಲ್ಲ.

ಮಾರಾಟಗಾರರು ನಿಮ್ಮ ನೀರು ಒಂದು, ಆರ್‌ಒ ನೀರು ಇನ್ನೊಂದು ಎಂದು ಎರಡು ಗ್ಲಾಸಿಗೆ ಕಡ್ಡಿ ಅದ್ದಿ, ಕರೆಂಟ್ ಹಾಯಿಸಿ, ನಿಮ್ಮ ನೀರು ಕಂದಾಗಿ ಗಸಿ ಬಂದದ್ದನ್ನು ತೋರಿಸಿದರೆ ಹೆದರಬೇಡಿ. ಆ ಕಂದು ಬಂದದ್ದು ಕಬ್ಬಿಣದ ಕಡ್ಡಿಯಿಂದ. ಲವಣವಿರುವ ನೀರಿನಲ್ಲಿ ಕರೆಂಟ್ ಹರಿದು ಕಡ್ಡಿ ಕರಗುತ್ತದೆ, ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರಗುವುದೂ ಕಡಿಮೆ. ಆರ್‌ಒ ನೀರಿನ ಗ್ಲಾಸಿಗೆ ಅವರೆದುರೇ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕಡ್ಡಿ ಅದ್ದಲು ಹೇಳಿ. ಗಡಸುತನ ಹೋಗುತ್ತದೆಂದು ಪೈಪಿಗೆ ಕಟ್ಟುವ ಅಯಸ್ಕಾಂತದ ಪಟ್ಟಿ ತಂದವರ ಮುಂದೆ ಹನಿ ಕಿಟ್ ಇಡಿ. ಹಾಕುವ ಮೊದಲಿನ ಅಂಕಿ, ಹಾಕಿದ ನಂತರದ ಅಂಕಿ ಎರಡೂ ಒಂದೇ ಬರುತ್ತವೆ. ಕಲ್ಲು ಕಟ್ಟುವುದಿಲ್ಲ ಎಂದು ವಾದಿಸಿದರೆ, ಒಂದು ವರ್ಷದ ಮೇಲೆ ಗೀಜರ್ ಬಿಚ್ಚಿ ನೋಡಿ ಆಮೇಲೆ ಹಣ ಕೊಡುವ ಕರಾರಿಗೆ ಸಹಿ ಕೇಳಿ.